ಆಕಾಶದಿಂದ ಕಂಡ ಕಲಬುರಗಿಯ ದೂಳು: ಪದೇ ಪದೇ ಕೇಳುವ ಪ್ರಶ್ನೆಗಳು

ತೊಗರಿ ರಾಶಿಯ ದಿನಗಳಲ್ಲಿ ಕಲಬುರಗಿಯಿಂದ ಸೇಡಂಗೆ ಬಸ್ಸಿನಲ್ಲಿ ಹೋದವರಿಗೆ ಗೊತ್ತು, ಇಳಿಯುವ ಹೊತ್ತಿಗೆ ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ದೂಳು ಕೂತಿರುತ್ತದೆ. ಕಣ್ಣಿಗೆ ಕಾಣುವ ಆ ದೂಳಿಗಿಂತ ಕಾಣದ ದೂಳು ಎದೆಗೆ ಹೆಚ್ಚು ಕೆಟ್ಟದ್ದು. ಅದನ್ನು ಉಪಗ್ರಹದ ಚಿತ್ರಗಳಿಂದ ಲೆಕ್ಕ ಹಾಕುವುದನ್ನು ನಾನು ಕೆಲವು ವರ್ಷಗಳಿಂದ ಪದವಿ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಿದ್ದೇನೆ. ತರಗತಿಯಲ್ಲಿ, ಓಣಿಯಲ್ಲಿ, ಹೊಲದ ಬದುವಿನಲ್ಲಿ ಜನ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಉಪಗ್ರಹ ನಿಜವಾಗಿಯೂ ದೂಳನ್ನು ಅಳೆಯುತ್ತದೆಯೇ?

ಇಲ್ಲ. ಅದು ಅಳೆಯುವುದು ಬೆಳಕನ್ನು. ದೂಳಿನ ತೂಕ ಎಷ್ಟೆಂಬುದು ಆಮೇಲೆ ನಾವು ಕಟ್ಟುವ ಲೆಕ್ಕ.

ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇರುತ್ತದೆ. ಮಧ್ಯಾಹ್ನ ಅದರಿಂದ ನೇರವಾಗಿ ಇಳಿಯುವ ಬಿಸಿಲಕೋಲನ್ನು ನೆನಪಿಸಿಕೊಳ್ಳಿ. ಅಜ್ಜಿ ಪಕ್ಕದಲ್ಲಿ ತೊಗರಿ ಬೇಳೆ ಕೇರುತ್ತಿದ್ದರೆ ಆ ಕೋಲು ಗಟ್ಟಿಯಾಗಿ ಎದ್ದು ಕಾಣುತ್ತದೆ. ಕೇರುವುದು ನಿಂತು ದೂಳು ಇಳಿದ ಮೇಲೆ ಕೋಲು ಮಾಯವಾಗಿ ನೆಲದ ಮೇಲೆ ಬಿಸಿಲಿನ ಚೌಕ ಮಾತ್ರ ಉಳಿಯುತ್ತದೆ. ಬೆಳಕು ಕಣಗಳಿಗೆ ಬಡಿದು ಪಕ್ಕಕ್ಕೆ ಚದುರಿದಾಗಲೇ ಕೋಲು ಕಾಣುವುದು. ಉಪಗ್ರಹ ಮಾಡುವ ಕೆಲಸ ಇದೇ. ಸೂರ್ಯನ ಬೆಳಕು ಗಾಳಿಯ ಪದರಗಳನ್ನು ಹಾದು ನೆಲ ಮುಟ್ಟಿ ಮೇಲಕ್ಕೆ ಮರಳುವಾಗ ಕಣಗಳು ಅದರಲ್ಲಿ ಎಷ್ಟನ್ನು ಚದುರಿಸಿದವು, ಎಷ್ಟನ್ನು ನುಂಗಿದವು ಎಂಬುದನ್ನು 700 ಕಿಲೋಮೀಟರ್ ಎತ್ತರದಿಂದ ನೋಡುತ್ತದೆ.

ಆ ನೋಟ ಸಂಖ್ಯೆಯಾಗುವುದು ಹೇಗೆ?

ಅದಕ್ಕೆ ಏರೋಸಾಲ್ ಆಪ್ಟಿಕಲ್ ಡೆಪ್ತ್ ಎಂಬ ಹೆಸರಿದೆ. ಬಳಸುವವರೆಲ್ಲ ಎಒಡಿ ಎಂದೇ ಕರೆಯುತ್ತಾರೆ. ಗಾಳಿಯ ಕಂಬದಲ್ಲಿ, ಅಂದರೆ ನೆಲದಿಂದ ವಾತಾವರಣದ ತುದಿಯವರೆಗೆ, ಕಣಗಳು ಸೇರಿ ಬೆಳಕನ್ನು ಎಷ್ಟು ಮಬ್ಬು ಮಾಡುತ್ತವೆ ಎಂಬುದರ ಅಳತೆ ಅದು. ಅದಕ್ಕೆ ಗ್ರಾಂ, ಮೀಟರ್ ಯಾವುದೂ ಇಲ್ಲ, ಬರಿಯ ಸಂಖ್ಯೆ. 0.1 ಎಂದರೆ ತಿಳಿಯಾದ ಆಕಾಶ. 0.5 ಇದ್ದರೆ, ಸೂರ್ಯ ನೆತ್ತಿಯ ಮೇಲಿರುವಾಗ, ಕಣಗಳ ಕಾಟವನ್ನು ದಾಟಿ ನೇರವಾಗಿ ನೆಲ ಮುಟ್ಟುವ ಬೆಳಕು ಸುಮಾರು ಶೇ 61. ಅದು 1 ಆದರೆ ಉಳಿಯುವುದು ಶೇ 37 ಮಾತ್ರ.

ಪಿಎಂ 2.5, ಪಿಎಂ 10 ಎಂದು ಪತ್ರಿಕೆಗಳಲ್ಲಿ ಬರುವುದು?

ಕಣದ ಗಾತ್ರ. 10 ಮೈಕ್ರೋಮೀಟರ್ ಮತ್ತು ಅದಕ್ಕಿಂತ ಸಣ್ಣ ಕಣಗಳೆಲ್ಲ ಪಿಎಂ 10, ಅವುಗಳಲ್ಲೇ 2.5 ಮೈಕ್ರೋಮೀಟರ್‌ಗಿಂತ ಸಣ್ಣವು ಪಿಎಂ 2.5. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರೋಮೀಟರ್. ರಸ್ತೆಯ ಮಣ್ಣು, ಫರಸಿ ಕಲ್ಲು ಕೊರೆಯುವ ಪುಡಿ, ರಾಶಿಯ ಹೊಟ್ಟು ಹೆಚ್ಚಾಗಿ ದೊಡ್ಡ ಕಣಗಳು. ಒಲೆ, ವಾಹನ, ಕಲ್ಲಿದ್ದಲು, ಸುಟ್ಟ ಕಸ ಇವುಗಳ ಹೊಗೆ ಸಣ್ಣ ಕಣ. ಸಣ್ಣವು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ಇಳಿಯುತ್ತವೆ.

ಭಾರತದ 2009ರ ಮಾನದಂಡದ ಪ್ರಕಾರ ಪಿಎಂ 2.5ರ ವಾರ್ಷಿಕ ಮಿತಿ ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ, ದಿನದ ಮಿತಿ 60. ಪಿಎಂ 10ಕ್ಕೆ ಕ್ರಮವಾಗಿ 60 ಮತ್ತು 100. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ರ ವಾರ್ಷಿಕ ಮಿತಿಯನ್ನು 5ಕ್ಕೆ ಇಳಿಸಿತು. ಇಲ್ಲಿ "ಮಿತಿಯೊಳಗೆ" ಎಂದು ಓದಿ ಸಮಾಧಾನಪಡುವ ಮೊದಲು ಈ ಎಂಟು ಪಟ್ಟಿನ ಅಂತರ ನೆನಪಿರಲಿ.

ನಮ್ಮ ಊರಿನ ಮೇಲೆ ಯಾವ ಉಪಗ್ರಹಗಳು ಹಾಯುತ್ತವೆ?

ಹೆಚ್ಚು ಬಳಕೆಯಲ್ಲಿರುವುದು ನಾಸಾದ ಎರಡು ಹಳೆಯ ಉಪಗ್ರಹಗಳ ಮಾಹಿತಿ. ಟೆರಾ 1999ರ ಡಿಸೆಂಬರ್‌ನಲ್ಲಿ, ಆಕ್ವಾ 2002ರ ಮೇ ತಿಂಗಳಲ್ಲಿ ಹಾರಿದವು. ಎರಡರಲ್ಲೂ ಮೋಡಿಸ್ ಎಂಬ ಒಂದೇ ಬಗೆಯ ಉಪಕರಣವಿದೆ. ಟೆರಾ ಬೆಳಿಗ್ಗೆ ಸುಮಾರು 10.30ಕ್ಕೆ, ಆಕ್ವಾ ಮಧ್ಯಾಹ್ನ ಸುಮಾರು 1.30ಕ್ಕೆ ಹಾಯುವಂತೆ ಕಕ್ಷೆ ಹೊಂದಿಸಿದ್ದರು. ವಯಸ್ಸಾದಂತೆ ಆ ಹೊತ್ತು ಜಾರುತ್ತಿದೆ. ಅವುಗಳ ಕೆಲಸವನ್ನು 2011ರ ಸುಓಮಿ ಎನ್‌ಪಿಪಿ, 2017ರ ನೋವಾ-20 ಉಪಗ್ರಹಗಳಲ್ಲಿರುವ ವಿಐಐಆರ್‌ಎಸ್ ಉಪಕರಣ ಮುಂದುವರಿಸುತ್ತಿದೆ. ಯುರೋಪಿನ ಸೆಂಟಿನೆಲ್-5ಪಿ ಕೂಡ 2017ರದ್ದು; ಅದು ಕಣಗಳಿಗಿಂತ ನೈಟ್ರೋಜನ್ ಡೈಆಕ್ಸೈಡ್‌ನಂಥ ಅನಿಲಗಳನ್ನು ಚೆನ್ನಾಗಿ ಗುರುತಿಸುತ್ತದೆ.

ನಮ್ಮ ಇಸ್ರೋದ ಇನ್ಸಾಟ್-3ಡಿ (2013), 3ಡಿಆರ್ (2016), 3ಡಿಎಸ್ (2024) ಇವುಗಳ ರೀತಿಯೇ ಬೇರೆ. ಅವು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಜೊತೆಗೇ ತಿರುಗುತ್ತ ನಮ್ಮ ನೆತ್ತಿಯ ಕಡೆಗೇ ಕಣ್ಣಿಟ್ಟಿರುವಂಥವು. ದಿನವಿಡೀ ಚಿತ್ರ ಕೊಡುತ್ತವೆ, ಆದರೆ ಅಷ್ಟು ದೂರದಿಂದ ಕಾಣುವ ವಿವರ ಒರಟು.

ಎರೆ ಹೊಲ, ಕಲ್ಲುಗಣಿ, ಬಿಳಿ ಮಾಳಿಗೆ ಎಲ್ಲ ಬೇರೆ ಬೇರೆ ಬಣ್ಣ. ನೆಲದ ಬೆಳಕು ಯಾವುದು, ಗಾಳಿಯ ಬೆಳಕು ಯಾವುದು ಎಂದು ಹೇಗೆ ಗೊತ್ತಾಗುತ್ತದೆ?

ಈ ವಿದ್ಯೆಯ ಕಷ್ಟವೆಲ್ಲ ಇರುವುದು ಇಲ್ಲೇ. ಕಪ್ಪು ಕಂಬಳಿಯ ಮೇಲೆ ಹಿಟ್ಟು ಚೆಲ್ಲಿದರೆ ಒಂದು ಚಿಟಿಕೆಯೂ ಕಾಣುತ್ತದೆ. ಬಿಳಿ ಪಂಚೆಯ ಮೇಲೆ ಚೆಲ್ಲಿದರೆ ಹಿಡಿಯಷ್ಟಿದ್ದರೂ ಕಾಣದು. ಮೊದಲ ವಿಧಾನ ಹಸಿರು ಬೆಳೆ, ಕಾಡಿನಂಥ ಕಪ್ಪಗೆ ಕಾಣುವ ನೆಲವನ್ನು ಹುಡುಕಿಕೊಂಡು ಅಲ್ಲಿ ಲೆಕ್ಕ ಹಾಕುತ್ತದೆ. ತೊಗರಿ ನಿಂತಿರುವ ಅಕ್ಟೋಬರ್‌ನಲ್ಲಿ ನಮ್ಮ ಜಿಲ್ಲೆಗೆ ಅದು ಹೊಂದುತ್ತದೆ. ಏಪ್ರಿಲ್‌ನಲ್ಲಿ ಹೊಲವೆಲ್ಲ ಬರಿದಾಗಿ, ಶಹಾಬಾದ್, ಚಿತ್ತಾಪುರದ ಸುಣ್ಣದಕಲ್ಲಿನ ಗಣಿಗಳು ಹೊಳೆಯುವಾಗ ಹೊಂದುವುದಿಲ್ಲ. ಎರಡನೆಯ ವಿಧಾನ ನೀಲಿ ಬೆಳಕನ್ನು ಬಳಸುತ್ತದೆ, ಏಕೆಂದರೆ ಬೋಳು ನೆಲ ಕೆಂಪಿನಲ್ಲಿ ಹೊಳೆದಷ್ಟು ನೀಲಿಯಲ್ಲಿ ಹೊಳೆಯುವುದಿಲ್ಲ.

ಮೂರನೆಯದು ನನಗೆ ತುಂಬ ಇಷ್ಟವಾದದ್ದು. ಅದರ ಹೆಸರು ಮಾಯಕ್. ಒಂದೇ ಜಾಗವನ್ನು ದಿನದಿಂದ ದಿನಕ್ಕೆ ನೋಡುತ್ತ ಹೋಗುತ್ತದೆ. ಹೊಲದ ಬಣ್ಣ ವಾರಗಟ್ಟಲೆ ನಿಧಾನವಾಗಿ ಬದಲಾಗುತ್ತದೆ, ಗಾಳಿಯ ಮಬ್ಬು ಒಂದೇ ದಿನದಲ್ಲಿ ಬದಲಾಗುತ್ತದೆ. ನಿಂತದ್ದು ನೆಲ, ಓಡಿದ್ದು ದೂಳು ಎಂದು ಬೇರ್ಪಡಿಸಿ, ಒಂದು ಕಿಲೋಮೀಟರ್ ಚೌಕದಷ್ಟು ಸೂಕ್ಷ್ಮವಾಗಿ ಎಒಡಿ ಕೊಡುತ್ತದೆ.

ಎಒಡಿ ಹೆಚ್ಚಿದ್ದರೆ ನಾವು ಉಸಿರಾಡುವ ಗಾಳಿಯೂ ಕೆಟ್ಟಿದೆ ಎಂದೇ ಅರ್ಥವಲ್ಲವೇ?

ಹಾಗೆ ಓದುವುದೇ ಎಲ್ಲರೂ ಮಾಡುವ ತಪ್ಪು. ನಾನೂ ಆರಂಭದಲ್ಲಿ ಹಾಗೆಯೇ ಓದಿ ವಿದ್ಯಾರ್ಥಿಗಳಿಗೆ ತಪ್ಪು ಹೇಳಿದ್ದೆ. ಮುಂದಿನ ವರ್ಷ ಅದೇ ನಕ್ಷೆಯನ್ನು ಮುಂದಿಟ್ಟು ತಿದ್ದಿದೆ.

ಎಒಡಿ ಇಡೀ ಕಂಬದ ಲೆಕ್ಕ; ನಮ್ಮ ಮೂಗು ಇರುವುದು ಕಂಬದ ಬುಡದಲ್ಲಿ. ಬೇಸಿಗೆಯಲ್ಲಿ ಕಲಬುರಗಿಯ ನೆಲ ಕಾದು ಗಾಳಿ ಮೇಲಕ್ಕೆ ಕುದಿಯುತ್ತದೆ. ದೂಳು, ಹೊಗೆ ಎಲ್ಲ ಎರಡು ಎರಡೂವರೆ ಕಿಲೋಮೀಟರ್ ಎತ್ತರದವರೆಗೂ ಕಲಸಿಹೋಗುತ್ತದೆ. ಜನವರಿಯ ರಾತ್ರಿ ನೆಲ ತಣ್ಣಗಾದಾಗ ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂರುತ್ತದೆ. ಊರಿನ ಹೊಗೆಯೆಲ್ಲ ಕೆಲವೇ ನೂರು ಮೀಟರ್‌ಗಳೊಳಗೆ ಉಳಿಯುತ್ತದೆ. ಅಷ್ಟೇ ಕಣಗಳು 2500 ಮೀಟರ್‌ನಲ್ಲಿ ಹರಡಿದರೆ ಒಂದು ಸಾಂದ್ರತೆ, 500 ಮೀಟರ್‌ನಲ್ಲಿ ಸಿಕ್ಕಿಕೊಂಡರೆ ಐದು ಪಟ್ಟು ಸಾಂದ್ರತೆ. ಮೇಲಿನಿಂದ ನೋಡುವ ಕಣ್ಣಿಗೆ ಎರಡೂ ಒಂದೇ.

ಅದರ ಮೇಲೆ ಹೊತ್ತಿನ ತೊಂದರೆ. ಡಿಸೆಂಬರ್‌ನಲ್ಲಿ ನಸುಕಿಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಕಡೆ ತರಕಾರಿ ಇಳಿಸುವ ಹೊತ್ತಿಗೆ ಹೋಗಿ ನೋಡಿ. ಹಮಾಲರು ಟೈರು, ರಟ್ಟು, ಕಸ ಏನು ಸಿಕ್ಕಿತೋ ಅದಕ್ಕೆ ಬೆಂಕಿ ಹಚ್ಚಿ ಕೈ ಕಾಯಿಸಿಕೊಳ್ಳುತ್ತಿರುತ್ತಾರೆ. ಹೊಗೆ ಮೇಲೆ ಹೋಗುವುದಿಲ್ಲ. ಅಂಗಡಿಗಳ ತಗಡಿನ ಎತ್ತರಕ್ಕೆ ಏರಿ ಅಲ್ಲಿಂದ ಅಡ್ಡಕ್ಕೆ, ಹಾಸಿದ ಚಾದರದಂತೆ ಹರಡುತ್ತದೆ. ಆ ಮುಚ್ಚಳ ನಿಮ್ಮ ಕಣ್ಣೆದುರಿಗೇ ಕಾಣುತ್ತದೆ. ದಿನದ ಅತಿ ಕೆಟ್ಟ ಗಾಳಿಯನ್ನು ಆ ಹಮಾಲರು ಆಗಲೇ ಉಸಿರಾಡಿ ಮುಗಿಸಿರುತ್ತಾರೆ. ಬಿಸಿಲೇರಿ ಮುಚ್ಚಳ ಒಡೆದು ಹೊಗೆ ಚದುರಿದ ಮೇಲೆ, ಹತ್ತೂವರೆಗೋ ಒಂದೂವರೆಗೋ, ಉಪಗ್ರಹ ಹಾಯುತ್ತದೆ. ಕಷ್ಟದ ಕೆಲಸ ಮಾಡುವವರ ಹೊತ್ತು ಅದರ ಲೆಕ್ಕಕ್ಕೆ ಬರುವುದೇ ಇಲ್ಲ. ಇದನ್ನು ಮರೆತು ಚಿತ್ರವನ್ನಷ್ಟೇ ನಂಬುವುದು ಅವರಿಗೆ ಮಾಡುವ ಅನ್ಯಾಯ ಎಂದು ನಾನು ತಿಳಿದಿದ್ದೇನೆ.

ಬೇಸಿಗೆಯಲ್ಲಿ ಇದರ ತಿರುವುಮುರುವು. ಥಾರ್ ಮರುಭೂಮಿ ಮತ್ತು ಅರಬ್ ನಾಡುಗಳ ದೂಳು ಎತ್ತರದ ಗಾಳಿಯಲ್ಲಿ ದಖ್ಖನ್‌ವರೆಗೂ ಬರುವುದುಂಟು. ಆಗ ಎಒಡಿ ಏರುತ್ತದೆ, ಆದರೆ ಆ ದೂಳಿನ ಬಹುಭಾಗ ನಮ್ಮ ತಲೆಯ ಮೇಲೆಯೇ ದಾಟಿಹೋಗಿರಬಹುದು. ಕಣಗಳು ಯಾವ ಎತ್ತರದಲ್ಲಿವೆ ಎಂದು ಲೇಸರ್ ಬಿಟ್ಟು ನೋಡುತ್ತಿದ್ದ ಕ್ಯಾಲಿಪ್ಸೊ ಉಪಗ್ರಹ 2006ರಿಂದ 2023ರವರೆಗೆ ಕೆಲಸ ಮಾಡಿತು.

ಹಾಗಾದರೆ ಎಒಡಿಯಿಂದ ಪಿಎಂ 2.5 ಹೊರಬರುವುದು ಹೇಗೆ?

ಎರಡರ ನಡುವೆ ಒಂದು ಗುಣಕ ಬೇಕು. ಆ ದಿನ ಗಾಳಿ ಎಷ್ಟು ಎತ್ತರಕ್ಕೆ ಕಲಸಿದೆ, ತೇವ ಎಷ್ಟು, ಕಣಗಳು ಮಣ್ಣಿನವೋ ಹೊಗೆಯವೋ ಎಂಬುದನ್ನು ಹವಾಮಾನ ಮತ್ತು ರಸಾಯನದ ಗಣಕ ಮಾದರಿಗಳು ಅಂದಾಜು ಮಾಡಿ ಆ ಗುಣಕವನ್ನು ಕೊಡುತ್ತವೆ. ಬಳಿಕ ನೆಲದ ಕೇಂದ್ರಗಳ ಅಳತೆಗೆ ಹೋಲಿಸಿ ತಿದ್ದುತ್ತಾರೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಹೀಗೆ ಇಡೀ ಜಗತ್ತಿನ ನಕ್ಷೆ ಮಾಡಿದೆ. ದೆಹಲಿಯ ಐಐಟಿ ತಂಡ ಭಾರತಕ್ಕೆ ಒಂದು ಕಿಲೋಮೀಟರ್ ಚೌಕದ ನಕ್ಷೆಗಳನ್ನು ಮಾಡಿದೆ.

ತೇವದ ಮಾತು ಬಂತು. ಕೆಲವು ಕಣಗಳು ಉಪ್ಪಿನ ಹಾಗೆ ನೀರು ಹೀರಿ ಊದಿಕೊಳ್ಳುತ್ತವೆ. ಊದಿದ ಕಣ ಹೆಚ್ಚು ಬೆಳಕು ಚದುರಿಸುತ್ತದೆ, ಉಪಗ್ರಹಕ್ಕೆ ಗಾಳಿ ಹೆಚ್ಚು ಕೊಳಕಾಗಿ ಕಾಣುತ್ತದೆ. ನೆಲದ ಕೇಂದ್ರ ಮಾತ್ರ ಒಳಗೆಳೆದ ಗಾಳಿಯನ್ನು ಬಿಸಿ ಮಾಡಿ ಒಣಗಿಸಿಯೇ ತೂಗುತ್ತದೆ. ಕಣ ಒಂದೇ, ಅಳತೆ ಎರಡು. ಬೀದರ್‌ನ ಮಂಜಿನ ಮುಂಜಾವಿಗೂ ಕಲಬುರಗಿಯ ಒಣ ಮಧ್ಯಾಹ್ನಕ್ಕೂ ಒಂದೇ ಗುಣಕ ಹಾಕಲಾಗದು.

ಮಳೆಗಾಲದ ನಕ್ಷೆಯಲ್ಲಿ ನಮ್ಮ ಜಿಲ್ಲೆ ಖಾಲಿಯಾಗಿ ಕಾಣುತ್ತದೆ. ಗಾಳಿ ಶುದ್ಧವಾಗಿದೆ ಎಂದೇ?

ಅಲ್ಲ. ಮೋಡ ಅಡ್ಡ ಬಂದಿದೆ ಎಂದು ಅರ್ಥ. ಮಳೆ ಗಾಳಿಯನ್ನು ತೊಳೆಯುವುದು ನಿಜ, ಆದರೆ ಖಾಲಿ ಜಾಗ ಅದಕ್ಕೆ ಸಾಕ್ಷಿಯಲ್ಲ.

ಕಲಬುರಗಿ, ಬೀದರ್, ಯಾದಗಿರಿ ಈ ಮೂರು ಜಿಲ್ಲೆಗಳಲ್ಲಿ ನೆಲದ ಮೇಲೆ ಅಳೆಯುವ ಕೇಂದ್ರಗಳಿವೆಯೇ?

ಇವೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಮಾಪನ ಕೇಂದ್ರಗಳು ಕಲಬುರಗಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ನಗರ ಮತ್ತು ಮಹಾತ್ಮ ಬಸವೇಶ್ವರ ಕಾಲೊನಿ, ಬೀದರ್‌ನ ನೌಬಾದ್, ಯಾದಗಿರಿಯ ಜಿಲ್ಲಾಧಿಕಾರಿ ಕಚೇರಿ ಆವರಣ ಇಲ್ಲೆಲ್ಲ ಇವೆ. ಇಂಥ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಬಳಸುವ ಯಂತ್ರ ನಿಮಿಷಕ್ಕೆ 16.7 ಲೀಟರ್ ಗಾಳಿಯನ್ನು ಎಳೆದು ಶೋಧಕದ ಪಟ್ಟಿಯ ಮೇಲೆ ಹಾಯಿಸುತ್ತದೆ. ಗಂಟೆಯ ಬಳಿಕ ಬಿಳಿ ಪಟ್ಟಿಯ ಮೇಲೆ ನಾಣ್ಯದ ಗಾತ್ರದ ಬೂದು ಚುಕ್ಕೆ ಮೂಡಿರುತ್ತದೆ. ಬೀಟಾ ಕಿರಣವನ್ನು ಆ ಚುಕ್ಕೆಯ ಮೂಲಕ ಬಿಟ್ಟು, ಎಷ್ಟು ತಡೆಯಿತೆಂದು ನೋಡಿ, ದೂಳಿನ ತೂಕ ತಿಳಿಯುತ್ತಾರೆ. ಹಳೆಯ ಪಟ್ಟಿಯನ್ನು ಒಮ್ಮೆ ಬಿಚ್ಚಿ ನೋಡಿದ್ದೇನೆ: ಸಾಲಾಗಿ ಚುಕ್ಕೆಗಳು, ಮಧ್ಯಾಹ್ನದವು ತೆಳು, ಬೆಳಗಿನ ಜಾವದವು ಇದ್ದಿಲ ಬಣ್ಣ. ವಿದ್ಯಾರ್ಥಿಗಳು ಆ ಪಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತ ಒಂದು ಮಾತೂ ಆಡಲಿಲ್ಲ.

ಆದರೆ ಇವೆಲ್ಲ ಜಿಲ್ಲಾ ಕೇಂದ್ರಗಳಲ್ಲೇ ಇವೆ. ಹಳ್ಳಿಯ ಒಕ್ಕುವ ಕಣದಲ್ಲಿ ರಾಶಿ ಮಾಡುವವರಿಗೆ, ಗಣಿಯ ಪಕ್ಕದ ತಾಂಡಾದವರಿಗೆ ಹತ್ತಿರದಲ್ಲಿ ಯಾವ ಯಂತ್ರವೂ ಇಲ್ಲ. ಉಪಗ್ರಹ ಬೇಕಾಗುವುದು ಅದಕ್ಕೇ. ಎಷ್ಟೇ ಕೊರತೆ ಇದ್ದರೂ ಅದು ಯಾರ ಊರನ್ನೂ ಬಿಟ್ಟು ನೋಡುವುದಿಲ್ಲ.

ನಮ್ಮ ಓಣಿಯ ದೂಳು ಚಿತ್ರದಲ್ಲಿ ಕಾಣುತ್ತದೆಯೇ?

ಇಲ್ಲ. ಒಂದು ಕಿಲೋಮೀಟರ್ ಚೌಕದಲ್ಲಿ ಅಪ್ಪನ ಕೆರೆಯ ತಂಪೂ ಪಕ್ಕದ ರಸ್ತೆಯ ದೂಳೂ ಸೇರಿ ಒಂದೇ ಸಂಖ್ಯೆಯಾಗುತ್ತವೆ.

ಕಲಬುರಗಿ ಮಲಿನ ನಗರಗಳ ಪಟ್ಟಿಯಲ್ಲಿದೆಯಂತೆ, ಹೌದೇ?

ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಗಾಳಿ ಮಾನದಂಡ ಮುಟ್ಟದ ನಗರಗಳು ಎಂಬುದು ಅದರ ಅರ್ಥ. ಈ ಕಾರ್ಯಕ್ರಮದಲ್ಲಿ ಪ್ರಗತಿಯನ್ನು ಮುಖ್ಯವಾಗಿ ಪಿಎಂ 10ರಿಂದ ಅಳೆಯುತ್ತಾರೆ.

ಇಲ್ಲೊಂದು ತೊಡಕಿದೆ. ಒಂದು ಗ್ರಾಂ ಹೊಗೆಕಣ, ಒಂದು ಗ್ರಾಂ ಮಣ್ಣಿನ ದೂಳಿಗಿಂತ ಹಲವು ಪಟ್ಟು ಹೆಚ್ಚು ಬೆಳಕನ್ನು ತಡೆಯುತ್ತದೆ. ಹಾಗಾಗಿ ಉಪಗ್ರಹಕ್ಕೆ ಹೊಗೆ ಬೇಗ ಕಾಣುತ್ತದೆ. ಕಿತ್ತುಹೋದ ರಸ್ತೆಯಿಂದ ಎದ್ದು ಹತ್ತು ಮಾರು ದೂರದಲ್ಲಿ ಮತ್ತೆ ಕೂರುವ ದಪ್ಪ ದೂಳು ಅಷ್ಟು ಕಾಣುವುದಿಲ್ಲ. ನೆಲದ ಯಂತ್ರಕ್ಕೆ, ರಸ್ತೆ ಬದಿಯ ಮಿರ್ಚಿ ಭಜಿ ಬಂಡಿಯವರಿಗೆ ಅದು ಚೆನ್ನಾಗಿ ಗೊತ್ತು. "ಉಪಗ್ರಹದ ಪ್ರಕಾರ ನಗರದ ಗಾಳಿ ಸುಧಾರಿಸಿದೆ" ಎಂದು ಯಾರಾದರೂ ಹೇಳಿದರೆ, ಪಿಎಂ 10ರ ಕಥೆ ಏನು ಎಂದು ತಿರುಗಿ ಕೇಳಿ.

ಸಿಮೆಂಟ್ ಕಾರ್ಖಾನೆಯ ದೂಳನ್ನು ಉಪಗ್ರಹದಿಂದ ಸಾಬೀತು ಮಾಡಬಹುದೇ?

ವಾಡಿ, ಸೇಡಂ, ಮಳಖೇಡ ಕಡೆಯ ಜನ ಈ ಪ್ರಶ್ನೆಯನ್ನು ಬಹಳ ಕಳಕಳಿಯಿಂದ ಕೇಳುತ್ತಾರೆ. ಪ್ರಾಮಾಣಿಕ ಉತ್ತರ: ಒಂದು ಚಿತ್ರದಿಂದ ಆಗದು. ಒಂದು ಚೌಕದಲ್ಲಿ ಗಣಿ, ಲಾರಿ ರಸ್ತೆ, ಹೊಲ, ಒಲೆ ಎಲ್ಲ ಸೇರಿರುತ್ತವೆ. ಕಣದ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ. ಹಲವು ವರ್ಷಗಳ ಸರಾಸರಿ ತೆಗೆದು, ಗಾಳಿ ಬೀಸುವ ದಿಕ್ಕಿಗೆ ಅನುಗುಣವಾಗಿ ದಿನಗಳನ್ನು ವಿಂಗಡಿಸಿ, ಗಾಳಿಯ ಮೇಲ್ದಿಕ್ಕು ಮತ್ತು ಕೆಳದಿಕ್ಕಿನ ಚೌಕಗಳನ್ನು ಹೋಲಿಸಿದರೆ ಬಲವಾದ ಸುಳಿವು ಸಿಗಬಹುದು. ಸುಳಿವು ಸಿಕ್ಕ ಜಾಗದಲ್ಲಿ ಯಂತ್ರ ಇಡಿ ಎಂದು ಮಂಡಳಿಗೆ ಅರ್ಜಿ ಕೊಡಬಹುದು. ಉಪಗ್ರಹದ ನಕ್ಷೆಯ ಸರಿಯಾದ ಉಪಯೋಗ ಅದೇ ಎಂದು ನನ್ನ ಅಭಿಪ್ರಾಯ.

ಕಬ್ಬಿನ ರವದಿ ಸುಡುವುದು ಕಾಣುತ್ತದೆಯೇ?

ಬೆಂಕಿ ಕಾಣುತ್ತದೆ. ಅಫಜಲಪುರ, ಆಳಂದ ಕಡೆ ಕಟಾವಿನ ನಂತರ ಹಚ್ಚುವ ಬೆಂಕಿಯ ಕಾವನ್ನು ವಿಐಐಆರ್‌ಎಸ್ 375 ಮೀಟರ್ ಚೌಕದಲ್ಲಿ ಗುರುತಿಸುತ್ತದೆ, ರಾತ್ರಿಯೂ ಸಹ. ನಾಸಾದ ಫರ್ಮ್ಸ್ ತಾಣದಲ್ಲಿ ಅದು ಕೆಂಪು ಚುಕ್ಕೆಯಾಗಿ ಬರುತ್ತದೆ. ಉಪಗ್ರಹ ಹಾಯುವ ಮೊದಲೇ ಆರಿದ ಬೆಂಕಿ ಲೆಕ್ಕಕ್ಕೆ ಸಿಗುವುದಿಲ್ಲ. ವರ್ಷವಿಡೀ ಒಂದೇ ಜಾಗದಲ್ಲಿ ಕಾಣುವ ಚುಕ್ಕೆ ಹೊಲದ್ದಾಗಿರದೆ ಕುಲುಮೆಯ ಕಾವಾಗಿರಬಹುದು, ರೈತರ ಮೇಲೆ ಹೊರಿಸುವ ಮೊದಲು ನೋಡಿಕೊಳ್ಳಿ.

ಮೊಬೈಲ್‌ನಲ್ಲಿ ಒಂದು ಸಂಖ್ಯೆ, ಮಂಡಳಿಯ ಆ್ಯಪ್‌ನಲ್ಲಿ ಇನ್ನೊಂದು. ಯಾವುದು ಸರಿ?

ಎರಡೂ ಬೇರೆ ಅಳತೆಗೋಲುಗಳಾಗಿರಬಹುದು. ಪಿಎಂ 2.5 ಘನ ಮೀಟರ್‌ಗೆ 60 ಮೈಕ್ರೋಗ್ರಾಂ ಇದ್ದರೆ, 2015ರಲ್ಲಿ ಜಾರಿಗೆ ಬಂದ ಭಾರತದ ಗಾಳಿ ಗುಣಮಟ್ಟ ಸೂಚ್ಯಂಕದಲ್ಲಿ (ಎಕ್ಯೂಐ) ಅದು 100, "ತೃಪ್ತಿಕರ". ಅಮೆರಿಕದ ಸೂಚ್ಯಂಕದಲ್ಲಿ ಅದೇ ಗಾಳಿ 150 ದಾಟಿ "ಅನಾರೋಗ್ಯಕರ" ಆಗುತ್ತದೆ. ಇನ್ನು, ಹಲವು ಆ್ಯಪ್‌ಗಳು ಹತ್ತಿರದಲ್ಲಿ ಕೇಂದ್ರ ಇಲ್ಲದ ಊರಿಗೆ ಉಪಗ್ರಹ ಮತ್ತು ಗಣಕ ಮಾದರಿಯ ಅಂದಾಜನ್ನು ತೋರಿಸುತ್ತವೆ, ಅಂದಾಜು ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ. ಸೂಚ್ಯಂಕ ಬಿಟ್ಟು ಮೈಕ್ರೋಗ್ರಾಂ ಅಂಕಿಯನ್ನೇ ಹೋಲಿಸಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ನೆಲದ ಕೇಂದ್ರಗಳ ಮಾಹಿತಿಯೇ ಬರುತ್ತದೆ.

ನಾನೇ ನೋಡಬೇಕೆಂದರೆ ಎಲ್ಲಿಂದ ಆರಂಭಿಸಲಿ?

ನಾಸಾದ ವರ್ಲ್ಡ್‌ವ್ಯೂ ತಾಣ ಉಚಿತ. ಮೊಬೈಲ್‌ನಲ್ಲೂ ತೆರೆಯುತ್ತದೆ, ದೊಡ್ಡ ಪರದೆ ಒಳ್ಳೆಯದು. ನಕ್ಷೆಯಲ್ಲಿ ಕಲಬುರಗಿಗೆ, ಅಂದರೆ 17.3 ಡಿಗ್ರಿ ಉತ್ತರ, 76.8 ಡಿಗ್ರಿ ಪೂರ್ವಕ್ಕೆ ಹೋಗಿ. ಮೊದಲು ಬಣ್ಣದ ಸಹಜ ಚಿತ್ರವನ್ನಷ್ಟೇ ನೋಡಿ. ಭೀಮಾ ನದಿಯ ತಿರುವುಗಳು ಸ್ಪಷ್ಟವಾಗಿವೆಯೇ, ಮಸುಕಾಗಿವೆಯೇ ಎಂದು ಕಣ್ಣಿಗೆ ಅಭ್ಯಾಸವಾಗಲಿ. ಆಮೇಲೆ ಅದರ ಮೇಲೆ ಎಒಡಿ ಪದರ ಹಾಕಿ. ಜನವರಿಯ ಒಂದು ದಿನ, ಏಪ್ರಿಲ್‌ನ ಒಂದು ದಿನ, ಅಕ್ಟೋಬರ್‌ನ ಒಂದು ದಿನ ಆರಿಸಿಕೊಂಡು ಅದೇ ದಿನಗಳ ಕೇಂದ್ರದ ಪಿಎಂ 2.5 ಅಂಕಿಯನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಇಸ್ರೋದ ಇನ್ಸಾಟ್ ಮಾಹಿತಿ ಬೇಕಿದ್ದರೆ ಮೊಸ್ಡ್ಯಾಕ್ ತಾಣದಲ್ಲಿ ಹೆಸರು ನೋಂದಾಯಿಸಬೇಕು.

ಇನ್ನೊಂದು ಅಂಕಣವನ್ನೂ ಇಟ್ಟುಕೊಳ್ಳಿ: ಆ ದಿನ ಬೆಳಿಗ್ಗೆ ಬೆಳಕು ಹರಿದ ಮೇಲೆ ನಿಮ್ಮ ಮಾಳಿಗೆಯಿಂದ ಎಷ್ಟು ದೂರದವರೆಗೆ ಕಾಣುತ್ತಿತ್ತು? ಶರಣಬಸವೇಶ್ವರ ಗುಡಿಯ ಶಿಖರ ಕಂಡಿತೇ, ಬಂದೇ ನವಾಜ್ ದರ್ಗಾದ ಗುಮ್ಮಟ ಕಂಡಿತೇ? ನನ್ನ ವಿದ್ಯಾರ್ಥಿಗಳ ವಹಿಗಳಲ್ಲಿ ಉಪಗ್ರಹದ ಅಂಕಣ ಖಾಲಿ ಉಳಿದ ದಿನಗಳಲ್ಲೂ ಈ ಅಂಕಣ ತುಂಬಿರುತ್ತದೆ.